ಗಿಣ್ಣು ಮೊದಲು ಯಾರಿಗೆ?

"ದನ ಕರು ಹಾಕಿತು" ಎಂದು ಊರಿನಿಂದ ಫೋನು ಬಂದರೆ, ಕಾಂದಿವಲಿಯ ಕೋಣೆಯಲ್ಲಿರುವ ನಮಗೆ ಮೊದಲು ನೆನಪಾಗುವುದು ಗಿಣ್ಣು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಆ ತಿನಿಸಿಗೆ ಇಲ್ಲಿಯ ಮರಾಠಿ ನೆರೆಯವರು ಖರ್ವಸ್ ಎನ್ನುತ್ತಾರೆ. ಆದರೆ ಆ ಹಾಲು ಮೊದಲು ಯಾರ ಪಾಲು? ಪಶುವೈದ್ಯಕೀಯ ವಿದ್ಯಾರ್ಥಿಯು ಎಳೆಗರುವಿನ ಬಳಿ ಮಾಡುವ ಕೆಲಸವನ್ನು ತಿಳಿದರೆ ಇದಕ್ಕೆ ಉತ್ತರ ಸಿಗುತ್ತದೆ.

ಈ ವಿದ್ಯೆ ನಮಗೆ ದೂರದ್ದಲ್ಲ. ಮುಂಬಯಿ ಪಶುವೈದ್ಯಕೀಯ ಕಾಲೇಜು 1886ರಲ್ಲಿ ಪರೇಲಿನಲ್ಲಿ ಆರಂಭವಾಯಿತು. ನಮ್ಮಿಂದ ಎರಡನೆಯ ಸ್ಟೇಶನ್ನಾದ ಗೊರೆಗಾಂವಿನಲ್ಲಿ ನಗರದ ಎಮ್ಮೆಗಳಿಗಾಗಿ ಆರೇ ಕಾಲನಿ ಏರ್ಪಟ್ಟದ್ದು 1949ರಲ್ಲಿ. ಬೆಂಗಳೂರಿನ ಹೆಬ್ಬಾಳದ ಕಾಲೇಜು 1958ರದು. ಇಂದು ಈ ಪದವಿಗೆ ಐದೂವರೆ ವರ್ಷ. ಅದರಲ್ಲಿ ಕೊನೆಯ ಒಂದು ವರ್ಷ ಪುಸ್ತಕಕ್ಕಿಂತ ಕೈಕೆಲಸವೇ ಹೆಚ್ಚು.

ಕರು ಹೊರಬರುವಾಗ ಮೊದಲು ಮುಂಗಾಲೆರಡು, ಅವುಗಳ ಮೇಲೆ ಮೂತಿ ಕಾಣಿಸಬೇಕು. ಬೇರೆ ರೀತಿ ಕಂಡರೆ ಎಳೆದಾಡದೆ ವೈದ್ಯರನ್ನು ಕರೆಯಬೇಕು. ಕರು ನೆಲಕ್ಕೆ ಬಿದ್ದೊಡನೆ ವಿದ್ಯಾರ್ಥಿ ಅದರ ಮೂಗು, ಬಾಯಿಯ ಲೋಳೆಯನ್ನು ತೆಗೆಯುತ್ತಾನೆ. ಉಸಿರು ತಡವಾದರೆ ಹುಲ್ಲುಕಡ್ಡಿಯಿಂದ ಮೂಗಿನೊಳಗೆ ಕಚಗುಳಿ ಇಡುತ್ತಾನೆ. ಕರು ಸೀನುತ್ತದೆ, ಉಸಿರು ತೆರೆಯುತ್ತದೆ. ಮೈಯನ್ನು ಗೋಣಿಯಿಂದ ಉಜ್ಜಿ, ಉಳಿದದ್ದನ್ನು ತಾಯಿ ನೆಕ್ಕಲು ಬಿಡುತ್ತಾನೆ. ಹೊಕ್ಕುಳ ಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚುತ್ತಾನೆ. ಹಸಿಯಾದ ಆ ಬಳ್ಳಿಯೇ ರೋಗಕ್ಕೆ ತೆರೆದ ಬಾಗಿಲು.

ಆ ಮೇಲೆ ತೊಳೆದ ಬೆರಳನ್ನು ಕರುವಿನ ಬಾಯಿಗಿಡುತ್ತಾನೆ. ಬಾಯಿ ಬೆಚ್ಚಗಿದೆಯೆ, ಚೀಪುವ ಬಲವಿದೆಯೆ ಎಂಬುದು ಬೆರಳಿಗೇ ತಿಳಿಯುತ್ತದೆ. ಬಲವಿದ್ದರೆ ಕೆಚ್ಚಲಿಗೆ ಹಚ್ಚುವುದು. ಚೀಪದ ಕರುವಿಗೆ ಗೊಟ್ಟದಿಂದ ಹಾಲು ಸುರಿಯಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ಕರು ಉಳಿಯುವುದು ಕಷ್ಟ.

ಇಷ್ಟು ಅವಸರವೇಕೆ? ಮನುಷ್ಯರ ಕೂಸಿಗೆ ರೋಗ ತಡೆಯುವ ಶಕ್ತಿ ಗರ್ಭದಲ್ಲೇ ಸ್ವಲ್ಪಮಟ್ಟಿಗೆ ತಾಯಿಯಿಂದ ಬರುತ್ತದೆ. ದನ, ಎಮ್ಮೆಗಳಲ್ಲಿ ಹಾಗಿಲ್ಲ. ಕರುವಿಗೆ ಆ ಶಕ್ತಿ ಗಿಣ್ಣು ಹಾಲಿನಿಂದಲೇ ಸಿಗಬೇಕು. ಅದನ್ನು ಹಾಗೆಯೇ ರಕ್ತಕ್ಕೆ ಸೇರಿಸಿಕೊಳ್ಳುವ ಗುಣ ಕರುಳಿಗಿರುವುದು ಸುಮಾರು 24 ಗಂಟೆ ಮಾತ್ರ; ಅದೂ ಗಂಟೆಗಂಟೆಗೆ ಕಡಿಮೆಯಾಗುತ್ತದೆ. ಆದುದರಿಂದ ಒಂದೆರಡು ಗಂಟೆಯೊಳಗೆ ಮೊದಲ ಹಾಲು ಹೊಟ್ಟೆ ಸೇರಬೇಕು. ಮೊದಲ ದಿನದ ಲೆಕ್ಕ, ಮೈತೂಕದ ಹತ್ತನೆಯ ಒಂದು ಪಾಲು: 25 ಕಿಲೋ ತೂಗುವ ಕರುವಿಗೆ ಎರಡೂವರೆ ಲೀಟರು.

ಮಾಸು ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದೆಂಬ ನಂಬಿಕೆ ಹಲವು ಹಳ್ಳಿಗಳಲ್ಲಿದೆ. ಮಾಸು ಬೀಳಲು ಕೆಲವೊಮ್ಮೆ ಎಂಟು, ಹತ್ತು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಕರುವಿನ ಅಮೂಲ್ಯ ಸಮಯ ಕಳೆದುಹೋಗುತ್ತದೆ. ನಿಜವಾಗಿ ಕರು ಚೀಪುವುದರಿಂದ ಮಾಸು ಬೀಳಲು ಸಹಾಯವೇ ಆಗುತ್ತದೆ. ಹಾಲು ಮಾರುವ ಕಡೆಗಳಲ್ಲಿ ಗಂಡುಕರುವಿಗೆ ಈ ಪಾಲೂ ತಪ್ಪುವುದುಂಟು. ಇನ್ನೊಂದು ಎಚ್ಚರಿಕೆ: ಮಾಸನ್ನು ಬರಿಗೈಯಿಂದ ಮುಟ್ಟಬಾರದು. ಬ್ರುಸೆಲ್ಲೋಸಿಸ್ ಎಂಬ ಜ್ವರ ಹೀಗೆ ಮನುಷ್ಯರಿಗೂ ತಗಲುತ್ತದೆ.

ಕರು ಹೊಟ್ಟೆ ತುಂಬ ಕುಡಿದು ಉಳಿದ ಹಾಲಿನಿಂದ ನಾವು ಗಿಣ್ಣು ಮಾಡಿಕೊಂಡರೆ ತಪ್ಪೇನೂ ಇಲ್ಲ. ಮುಂದಿನ ಸಲ ಊರಿನಿಂದ ಸುದ್ದಿ ಬಂದಾಗ, "ಗಿಣ್ಣು ಮಾಡಿದಿರಾ?" ಎನ್ನುವ ಮೊದಲು, "ಅಮ್ಮಾ, ಕರು ಕುಡಿಯಿತಾ?" ಎಂದು ಕೇಳೋಣ.