ಬೋರ್ಡು ನಿಮ್ಮದು, ಬೀಗದ ಕೈ ಯಾರದು?

ಸೋಲದೇವನಹಳ್ಳಿ: ಬೆಳಗಿನ ಹೊತ್ತು ಹೆಸರಘಟ್ಟ ರಸ್ತೆಯ ಬಸ್ಸಿನಲ್ಲಿ ನಿಂತು ಹೋಗುವವರು ಒಂದು ಸಲ ಅಕ್ಕಪಕ್ಕ ನೋಡಲಿ. ಕಿಟಕಿಯಾಚೆ ಸಾಲು ಸಾಲು ಅಂಗಡಿ ಬೋರ್ಡುಗಳು. ಅದನ್ನು ನೋಡುವವರೆಷ್ಟು ಮಂದಿ? ಸೀಟು ಸಿಕ್ಕವರು, ಕಂಬಿ ಹಿಡಿದು ತೂಗಾಡುವವರು, ಎಲ್ಲರ ತಲೆಯೂ ಬಗ್ಗಿರುವುದು ಮೊಬೈಲ್ ಫೋನಿಗೆ. ಅಂಗಡಿ ಬೋರ್ಡು ರಸ್ತೆಯಿಂದ ಎದ್ದು ಅಲ್ಲಿಗೆ ಹೋಗಿ ಕೂತು ಬಹಳ ದಿನವಾಯಿತು.

ಆ ಬೋರ್ಡು ಬರೆಯುವವರು ಯಾರು? ಒಂದು ಲ್ಯಾಪ್‌ಟಾಪು, ಒಳ್ಳೆ ಕ್ಯಾಮೆರಾದ ಒಂದು ಫೋನು, ಮೂರು ಕಾಲಿನ ಸ್ಟ್ಯಾಂಡು, ಉಂಗುರದ ಹಾಗಿರುವ ಒಂದು ದೀಪ. ಇಷ್ಟಿದ್ದರೆ ಸಾಕು, ಬಾಡಿಗೆ ರೂಮೇ ಆಫೀಸು. ವಿಸಿಟಿಂಗ್ ಕಾರ್ಡಿನಲ್ಲಿ 'ಕ್ರಿಯೇಟಿವ್ ಏಜೆನ್ಸಿ, ಸೋಷಿಯಲ್ ಮೀಡಿಯಾ ಮಾರ್ಕೆಟಿಂಗ್' ಎಂದು ಅಚ್ಚಾಗಿರುತ್ತದೆ. ಅಂಗಡಿಯವರ ಬಾಯಲ್ಲಿ ಮಾತ್ರ ಅವನು 'ರೀಲ್ಸ್ ಹುಡುಗ'. ಹುಡುಗಿಯರೂ ಇದ್ದಾರೆ.

ಈ ಕಸುಬಿಗೆ ಸೋಲದೇವನಹಳ್ಳಿ ಹದವಾದ ನೆಲ. ಆಚಾರ್ಯ ವಿದ್ಯಾಸಂಸ್ಥೆಗಳ ಆವರಣ ಇಲ್ಲೇ ಇದೆ. ಹೊರರಾಜ್ಯದಿಂದ, ಹೊರದೇಶದಿಂದ ಬಂದ ವಿದ್ಯಾರ್ಥಿಗಳನ್ನು ನಂಬಿಕೊಂಡು ಪೀಜಿ, ಬೇಕರಿ, ಜ್ಯೂಸ್ ಅಂಗಡಿ, ಜಿಮ್ಮು, ಜೆರಾಕ್ಸು, ಸಲೂನು ಎದ್ದಿವೆ. ಬೇರೆ ಊರಿನ ಅಂಗಡಿಗೆ ಇಲ್ಲದ ಒಂದು ತಾಪತ್ರಯ ಇಲ್ಲಿಯ ಅಂಗಡಿಗಿದೆ. ಇಲ್ಲಿಯ ಗಿರಾಕಿ ಮೂರ್ನಾಲ್ಕು ವರ್ಷಕ್ಕೆ ಊರು ಬಿಡುತ್ತಾನೆ. ಪ್ರತಿ ವರ್ಷ ಹೊಸ ಬ್ಯಾಚು, ಹೊಸ ಮುಖ. ಹತ್ತು ವರ್ಷದ ಹಳೇ ಅಂಗಡಿಯೂ ಅವರ ಕಣ್ಣಿಗೆ ನಿನ್ನೆ ತೆರೆದ ಅಂಗಡಿಯೇ. ಹಾಗಾಗಿ ಇಲ್ಲಿ ಪ್ರಚಾರ ಶೋಕಿಯಲ್ಲ, ಪ್ರತಿ ವರ್ಷದ ಬಿತ್ತನೆ.

ಬಿತ್ತನೆಯೇನೋ ನಡೆಯುತ್ತಿದೆ. ಬೆಳೆ ಯಾರ ಕಣಕ್ಕೆ ಹೋಗುತ್ತಿದೆ ಎಂಬುದೇ ಪ್ರಶ್ನೆ.

ಗೋಡೆಯಿಂದ ಫೋನಿಗೆ

ಹಿಂದೆ ಬೋರ್ಡು ಬರೆಸುವುದೆಂದರೆ ಪೇಂಟರನ್ನು ಕರೆಸುವುದು. ತಗಡಿನ ಮೇಲೆ ಎರಡು ಕೋಟು ಬಣ್ಣ, ಅಂಗಡಿ ಹೆಸರು, ಮೂಲೆಯಲ್ಲಿ ಪೇಂಟರನ ಪುಟ್ಟ ಸಹಿ. ದುಡ್ಡು ಕೊಟ್ಟರೆ ಮುಗಿಯಿತು. ಆಮೇಲೆ ಪೇಂಟರ್ ಊರು ಬಿಟ್ಟರೂ ಬೋರ್ಡು ನಿಮ್ಮ ಗೋಡೆಯ ಮೇಲೇ ಇರುತ್ತಿತ್ತು.

ಅದನ್ನು ಫ್ಲೆಕ್ಸ್ ತಿಂದುಹಾಕಿತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸ್ ಕೀಳುವ ಕೆಲಸ ಭರ್ಜರಿಯಾಗಿ ನಡೆಯಿತು. ಅದೇ ವರ್ಷ ವ್ಯಾಪಾರಸ್ಥರಿಗೆಂದೇ ಬೇರೆ ವಾಟ್ಸಾಪ್ ಬಂತು. 2020ರಲ್ಲಿ ಕೊರೊನಾ ಲಾಕ್‌ಡೌನ್ ಆದಾಗ ಅಂಗಡಿಯ ಷಟರು ಕೆಳಗೆ, ವ್ಯಾಪಾರ ಫೋನಿನಲ್ಲಿ. ಆ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಜುಲೈನಲ್ಲೇ ಇನ್‌ಸ್ಟಾಗ್ರಾಂನವರು ಇಲ್ಲಿ ರೀಲ್ಸ್ ಬಿಟ್ಟರು. ಅಲ್ಲಿಂದ ಮುಂದೆ ದೋಸೆ ಹುಯ್ಯುವುದೂ ಮೂವತ್ತು ಸೆಕೆಂಡಿನ ಸಿನಿಮಾ ಆಯಿತು.

ತಗಡಿನ ಬೋರ್ಡಿಗೂ ಈ ಬೋರ್ಡಿಗೂ ಒಂದೇ ವ್ಯತ್ಯಾಸ. ಇದು ನಿಮ್ಮ ಗೋಡೆಯ ಮೇಲಿಲ್ಲ. ಯಾರದೋ ಮನೆಯಲ್ಲಿ ನೇತುಹಾಕಿದೆ. ಆ ಮನೆಗೆ ಬೀಗ ಇದೆ. ಬೀಗಕ್ಕೆ ಕೈ ಇದೆ.

ಪಂಪು ನಿಂತರೆ ನೀರೂ ನಿಂತಿತು

ಸೋಲದೇವನಹಳ್ಳಿಯವರಿಗೆ ಪಂಪಿನ ವಿಷಯ ಹೇಳಿಕೊಡಬೇಕಿಲ್ಲ. 1896ರಲ್ಲಿ ಹೆಸರಘಟ್ಟದ ಕೆರೆಯ ನೀರು ಬೆಂಗಳೂರಿಗೆ ಹೋದಾಗ ಅದನ್ನು ಮೇಲೆತ್ತಿ ತಳ್ಳಿದ್ದು ಈ ಊರಿನ ಪಂಪ್‌ಹೌಸು. ಆಗ ಅದು ಉಗಿಯಂತ್ರ. ಕೆರೆಯಲ್ಲಿ ನೀರು ಎಷ್ಟೇ ಇರಲಿ, ಯಂತ್ರ ನಿಂತರೆ ಪೇಟೆಯ ನಲ್ಲಿಯೂ ನಿಲ್ಲುತ್ತಿತ್ತು.

ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ದುಡ್ಡು ಕಟ್ಟಿ ಹಾಕಿಸುವ ಜಾಹೀರಾತೂ ಹೀಗೇ. ಇವರ ಭಾಷೆಯಲ್ಲಿ 'ಬೂಸ್ಟ್'. ದಿನಕ್ಕೆ ಇಂತಿಷ್ಟು ಎಂದು ಕಟ್ಟಿದರೆ ಇಂಥ ಏರಿಯಾದ, ಇಂಥ ವಯಸ್ಸಿನವರ ಫೋನಿಗೆ ನಿಮ್ಮ ಜಾಹೀರಾತು ತಲುಪುತ್ತದೆ. ಕಟ್ಟುವುದು ನಿಲ್ಲಿಸಿದ ದಿನ ಅದೂ ನಿಲ್ಲುತ್ತದೆ. ಪುಟವನ್ನು ಹಿಂಬಾಲಿಸುವ ಜನ, ಗೂಗಲ್ ಮ್ಯಾಪಿನಲ್ಲಿ ಗಿರಾಕಿಗಳು ಬರೆದ ನಾಲ್ಕು ಒಳ್ಳೆಯ ಮಾತು, ವಾಟ್ಸಾಪಿನಲ್ಲಿರುವ ಗಿರಾಕಿ ನಂಬರುಗಳು, ಇವಷ್ಟೇ ಉಳಿಯುವ ಆಸ್ತಿ. ಪಂಪಿನ ಖರ್ಚು ಬೇರೆ, ಬಾವಿಯ ಖರ್ಚು ಬೇರೆ. ಈ ಎರಡನ್ನೂ ಒಂದೇ ಬಿಲ್ಲಿನಲ್ಲಿ ಕಲಸಿ ಕೊಟ್ಟರೆ ಜಗಳ ಖಾತ್ರಿ.

ಹುಡುಗನ ಒಂದು ತಿಂಗಳು

ಲೆಕ್ಕಕ್ಕೆಂದು ಹೀಗೆ ಹಿಡಿಯೋಣ. ಒಬ್ಬ ಹುಡುಗನಿಗೆ ಐದು ಅಂಗಡಿ. ತಿಂಗಳಿಗೆ ಹನ್ನೆರಡು ಪೋಸ್ಟರು, ನಾಲ್ಕು ರೀಲು, ಬಂದ ಮೆಸೇಜಿಗೆ ಉತ್ತರ. ಅಂಗಡಿಗೆ 8,000 ರೂಪಾಯಿ. ಒಟ್ಟು 40,000.

ಕೇಳಿದವರು 'ಪರವಾಗಿಲ್ವೇ, ಒಳ್ಳೆ ಸಂಪಾದನೆ' ಅನ್ನುತ್ತಾರೆ. ನಿಲ್ಲಿ. ರೂಮಿನ ಬಾಡಿಗೆ ಪಾಲು 6,000. ವಿಡಿಯೋ ಕತ್ತರಿಸಿ ಜೋಡಿಸುವ ಸಹಾಯಕನಿಗೆ 12,000. ಸಾಫ್ಟ್‌ವೇರು, ಇಂಟರ್‌ನೆಟ್ಟು 2,500. ಪೆಟ್ರೋಲು 2,500. ಒಟ್ಟು 23,000 ಹೋಯಿತು. ಕೈಗೆ ಉಳಿಯುವುದು 17,000.

ಐದರಲ್ಲಿ ಎರಡು ಅಂಗಡಿಯವರು 'ಮುಂದಿನ ತಿಂಗಳು ಸೇರಿಸಿ ಕೊಡ್ತೀನಿ' ಅಂದರು ಅನ್ನಿ. 16,000 ನಿಂತಿತು. ಉಳಿದದ್ದು ಒಂದು ಸಾವಿರ! ಅದರಲ್ಲಿ ಊಟ ಮಾಡಬೇಕು, ಫೋನಿನ ಕಂತು ಕಟ್ಟಬೇಕು, ಊರಿಗೆ ದುಡ್ಡು ಕಳಿಸಬೇಕು.

ಬಾಕಿ ಕೇಳಲು ಹೋದಾಗ ನಡೆಯುವ ಮಾತುಕತೆ ಎಲ್ಲ ರಸ್ತೆಯಲ್ಲೂ ಹೆಚ್ಚುಕಡಿಮೆ ಒಂದೇ.

"ಅಣ್ಣ, ಹೋದ ತಿಂಗಳದು..."

"ಕೊಡ್ತೀನಿ ಕಣಪ್ಪ, ಎಲ್ಲಿಗೋಗ್ತೀನಿ? ನೀನು ಹಾಕಿದ ರೀಲಿಂದ ಒಬ್ಬ ಗಿರಾಕಿ ಬಂದ್ನಾ ಹೇಳು."

"ಹನ್ನೊಂದು ಸಾವಿರ ಜನ ನೋಡವ್ರೆ ಅಣ್ಣ."

"ನೋಡಿದ್ರೆ ಹೊಟ್ಟೆ ತುಂಬತ್ತಾ? ಪಫ್ಸ್ ಖರ್ಚಾಗ್ಬೇಕಲ್ಲ."

ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಅಂಗಡಿಯವರು ಕೊಳ್ಳಲು ಹೊರಟದ್ದು ವ್ಯಾಪಾರ. ಹುಡುಗ ಮಾರಿದ್ದು ಕೆಲಸ. ನೋಡಿದವರೆಲ್ಲ ಗಿರಾಕಿಗಳಲ್ಲ ಎಂಬುದನ್ನು ಶುರುವಿನಲ್ಲೇ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಿದರೆ ಕೆಲಸ ಸಿಗುವುದಿಲ್ಲ ಎಂಬ ಹೆದರಿಕೆ. 'ಒಂದೇ ತಿಂಗಳಲ್ಲಿ ವ್ಯಾಪಾರ ಡಬಲ್' ಎಂದು ಬಾಯಿಗೆ ಬಂದದ್ದು ಹೇಳುವವರು ಬೇರೆ ಪೈಪೋಟಿಗೆ ನಿಂತಿದ್ದಾರೆ.

ಮುನಿಸು ಬಂದ ದಿನ

ಜಗಳ ಬಾಕಿಯಲ್ಲೇ ನಿಂತಿದ್ದರೆ ಊರಿನ ನಾಲ್ಕು ಜನ ಕೂತು ಬಗೆಹರಿಸಬಹುದಿತ್ತು. ಆದರೆ ಬೀಗದ ಕೈ ಇದೆಯಲ್ಲ!

ಸಾಮಾನ್ಯವಾಗಿ ಆಗುವುದೇನು? ಅಂಗಡಿಯವರಿಗೆ ಪುರುಸೊತ್ತಿಲ್ಲ. 'ನೀನೇ ಮಾಡ್ಕೊಳಪ್ಪ' ಅನ್ನುತ್ತಾರೆ. ಹುಡುಗ ತನ್ನ ಫೋನ್ ನಂಬರು, ತನ್ನ ಇಮೇಲು ಕೊಟ್ಟು ಅಂಗಡಿಯ ಹೆಸರಿನಲ್ಲಿ ಪುಟ ತೆರೆಯುತ್ತಾನೆ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಸೇರಿಸುವುದೂ ಅವನ ಖಾತೆಯಿಂದಲೇ. ಎರಡು ವರ್ಷ ಕಳೆದರೆ ಸಾವಿರಾರು ಹಿಂಬಾಲಕರು, ನೂರಾರು ಒಳ್ಳೆಯ ಮಾತು. ಎಲ್ಲದರ ಒಟಿಪಿ ಹೋಗುವುದು ಹುಡುಗನ ಫೋನಿಗೆ.

ಮುನಿಸು ಬಂದ ದಿನ ಹುಡುಗ ಫೋನ್ ಎತ್ತುವುದಿಲ್ಲ. ಅಥವಾ ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿ ಊರು ಬಿಟ್ಟಿರುತ್ತಾನೆ. ಕೇಡು ಬಗೆಯದಿದ್ದರೂ ಸರಿ, ಹಳೇ ಸಿಮ್ಮು ಎಸೆದಿದ್ದರೆ ಕಥೆ ಮುಗಿಯಿತು. ಅಂಗಡಿಯ ಬೋರ್ಡು ಫೋನಿನಲ್ಲಿ ಜಗಜಗ ಹೊಳೆಯುತ್ತಿದೆ, ಮಾಲೀಕರಿಗೇ ಒಳಗೆ ಹೋಗಲು ದಾರಿಯಿಲ್ಲ. ಅಂಗಡಿ ಪಕ್ಕದ ಬೀದಿಗೆ ಬದಲಾದರೂ ಮ್ಯಾಪು ಹಳೇ ಷಟರನ್ನೇ ತೋರಿಸುತ್ತಿರುತ್ತದೆ.

ಇದಕ್ಕೆ ಮದ್ದು ಬಹಳ ಸುಲಭ. ಫೇಸ್‌ಬುಕ್ ಪುಟದಲ್ಲಿ ಪೂರ್ಣ ಅಧಿಕಾರ ಒಬ್ಬರಿಗೆ, ಪೋಸ್ಟರ್ ಹಾಕುವಷ್ಟು ಅಧಿಕಾರ ಇನ್ನೊಬ್ಬರಿಗೆ ಎಂದು ಹಂಚಲು ಬರುತ್ತದೆ. ಗೂಗಲ್‌ನಲ್ಲೂ ಓನರ್ ಬೇರೆ, ಮ್ಯಾನೇಜರ್ ಬೇರೆ. ಮಾಲೀಕರು ಓನರ್ ಆಗಿರಲಿ, ಹುಡುಗ ಮ್ಯಾನೇಜರ್ ಆಗಿರಲಿ. ಕೆಲಸ ಬಿಟ್ಟ ದಿನ ಮ್ಯಾನೇಜರ್ ಹೆಸರು ತೆಗೆದರೆ ಸಾಕು. ಗೂಗಲ್‌ನಲ್ಲಿ ಈಗಾಗಲೇ ಕೈತಪ್ಪಿದವರು ಒಡೆತನಕ್ಕೆ ಅಲ್ಲಿಯೇ ಅರ್ಜಿ ಹಾಕಬಹುದು. ಹಾಲಿ ಖಾತೆದಾರ ಉತ್ತರ ಕೊಡಲು ಮೂರು ದಿನದ ಗಡುವಿದೆ. ಅವನು ಸುಮ್ಮನಿದ್ದರೆ, ಅಂಗಡಿ ತಮ್ಮದೇ ಎಂದು ತೋರಿಸಿ ಪಡೆಯುವ ದಾರಿ ಉಂಟು.

ಹಾಡು ಯಾರದು, ಚಿತ್ರ ಯಾರದು?

ರೀಲಿಗೆ ಸಿನಿಮಾ ಹಾಡು ಹಾಕದಿದ್ದರೆ ಕೆಲವರಿಗೆ ಸಮಾಧಾನವಿಲ್ಲ. ಸ್ವಂತ ಖುಷಿಗೆ ಹಾಕುವುದು ಬೇರೆ, ವ್ಯಾಪಾರಕ್ಕೆ ಹಾಕುವುದು ಬೇರೆ. 2022ರ ನವೆಂಬರ್‌ನಲ್ಲಿ 'ಕೆಜಿಎಫ್-2' ಚಿತ್ರದ ಹಾಡನ್ನು ಪ್ರಚಾರದ ವಿಡಿಯೋಗೆ ಬಳಸಿದರೆಂದು ರಾಷ್ಟ್ರೀಯ ಪಕ್ಷವೊಂದರ ನಾಯಕರ ಮೇಲೆಯೇ ಎಮ್ಮಾರ್ಟಿ ಮ್ಯೂಸಿಕ್‌ನವರು ದೂರು ಕೊಟ್ಟರು. ಕೇಸು ದಾಖಲಾದದ್ದು ದೂರವೇನಲ್ಲ, ಯಶವಂತಪುರ ಠಾಣೆಯಲ್ಲಿ. ದೊಡ್ಡವರಿಗೇ ಹಾಗಾದರೆ ಜ್ಯೂಸ್ ಅಂಗಡಿಯ ಪಾಡೇನು? ವ್ಯಾಪಾರಿ ಖಾತೆಗೆಂದೇ ಬಿಟ್ಟಿರುವ ಸಂಗೀತ ಇದೆ. ಅದನ್ನೇ ಬಳಸುವುದು ಲೇಸು.

ಲಾಂಛನದ್ದೂ ಹೀಗೇ. ದುಡ್ಡು ಕೊಟ್ಟ ಮಾತ್ರಕ್ಕೆ ಅದರ ಹಕ್ಕು ಪೂರ್ತಿ ಬಂದಂತಲ್ಲ. ಸಂಬಳದ ನೌಕರನಲ್ಲದವನು ಬರೆದದ್ದರ ಹಕ್ಕು, ಬರಹದಲ್ಲಿ ವಹಿಸಿಕೊಡದ ಹೊರತು, ಸಾಮಾನ್ಯವಾಗಿ ಬರೆದವನಿಗೇ ಸೇರುತ್ತದೆ. ವಹಿಸಿಕೊಡುವಾಗ ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆ ಅದನ್ನು ಐದೇ ವರ್ಷ ಎಂದು ಹಿಡಿಯುತ್ತದೆ. ಒಂದು ಸಾಲು ಬರೆಯಲು ಮರೆತದ್ದಕ್ಕೆ ಐದು ವರ್ಷ!

ಕಾನೂನು ಯಾರ ಕಡೆ?

ದುಡ್ಡಿನ ವಿಷಯದಲ್ಲಿ ಕಾನೂನು ಹುಡುಗನ ಕಡೆಗಿದೆ. ಅದು ಅವನಿಗೇ ಗೊತ್ತಿರುವುದಿಲ್ಲ, ಅಷ್ಟೇ. 'ಉದ್ಯಮ್' ನೋಂದಣಿ 2020ರ ಜುಲೈ 1ರಿಂದ ಜಾರಿಯಲ್ಲಿದೆ. ಆಧಾರ್, ಪ್ಯಾನ್ ಬೇಕು, ನಯಾಪೈಸೆ ಶುಲ್ಕವಿಲ್ಲ. ಹೀಗೆ ನೋಂದಾಯಿಸಿದ ಸಣ್ಣ ಉದ್ಯಮಕ್ಕೆ 2006ರ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೆ ಅದರಲ್ಲಿ ಹೇಳಿದಂತೆ, ಎಷ್ಟೇ ಆದರೂ 45 ದಿನದೊಳಗೆ ದುಡ್ಡು ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ದೂರು ಕೊಡಲು 2017ರಲ್ಲಿ 'ಸಮಾಧಾನ್' ಎಂಬ ವ್ಯವಸ್ಥೆ ಬಂತು. ಗಡುವು ದಾಟಿಸಿದ ಬಿಲ್ಲನ್ನು, ದುಡ್ಡು ಕೊಡುವ ತನಕ, ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಲು ಬಾರದು ಎಂಬ ನಿಯಮವೂ 2023-24ನೇ ಸಾಲಿನಿಂದ ಬಂದಿದೆ.

ಅಂಗಡಿಯವರೂ ಒಂದು ತಿಳಿದಿರಲಿ. ಸೇವೆಯ ವ್ಯವಹಾರ ವರ್ಷಕ್ಕೆ 20 ಲಕ್ಷ ದಾಟದ ಹುಡುಗ ಸಾಮಾನ್ಯವಾಗಿ ಜಿಎಸ್‌ಟಿಗೆ ನೋಂದಾಯಿಸಬೇಕಿಲ್ಲ. ನೋಂದಣಿ ಇಲ್ಲದವನು ತನ್ನ ಕೂಲಿಯ ಮೇಲೆ ಜಿಎಸ್‌ಟಿ ಹಾಕಿ ವಸೂಲು ಮಾಡುವ ಹಾಗಿಲ್ಲ. ಜಾಹೀರಾತಿನ ದುಡ್ಡಿನ ಮೇಲೆ ಮಾತ್ರ ಕಂಪನಿಯೇ ಶೇ. 18 ಹಾಕುತ್ತದೆ. 3,000ದ ಬೂಸ್ಟಿಗೆ 3,540. ಆ ದುಡ್ಡು ಹುಡುಗನ ಜೇಬಿಗೆ ಹೋಗುವುದಲ್ಲ. ಅದನ್ನು ಅಂಗಡಿಯ ಸ್ವಂತ ಖಾತೆಯಿಂದಲೇ ಕಟ್ಟಿಬಿಟ್ಟರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ಒಂದು ಹಾಳೆಯ ಮಾತು

ಹಾಗಾದರೆ ಹದಿನಾರು ಸಾವಿರದ ಬಾಕಿಗೆ ಕೋರ್ಟು, ಕಚೇರಿ ಅಲೆಯಬೇಕೆ? ಬೇಡ. ಒಂದು ಬಿಳಿ ಹಾಳೆ ಸಾಕು. ತಿಂಗಳಿಗೆ ಎಷ್ಟು ಪೋಸ್ಟರು, ಎಷ್ಟು ರೀಲು. ಕೂಲಿ ಎಷ್ಟು, ಜಾಹೀರಾತಿನ ದುಡ್ಡು ಎಷ್ಟು. ಅರ್ಧ ಮುಂಗಡ, ಉಳಿದರ್ಧ ಯಾವ ತಾರೀಖು. ಪುಟ, ಮ್ಯಾಪು, ಪಾಸ್‌ವರ್ಡು ಯಾರ ನಂಬರಿನಲ್ಲಿ. ಲಾಂಛನದ ಹಕ್ಕು ಯಾರಿಗೆ, ಎಷ್ಟು ವರ್ಷಕ್ಕೆ. ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು. ಕೆಳಗೆ ಇಬ್ಬರ ಸಹಿ.

'ನಮ್ಮ ಹುಡುಗನೇ, ಅವನ ಹತ್ರ ಕಾಗದ ಯಾಕೆ?' ಎನ್ನುವುದು ದೊಡ್ಡ ಮಾತು. ಆದರೆ ಆ ನಮ್ಮ ಹುಡುಗನ ಹತ್ತಿರವೇ ಅಂಗಡಿಯ ಬೀಗದ ಕೈ ಇದೆ. ಷಟರಿಗೆ ರಾತ್ರಿ ಎರಡು ಬೀಗ ಹಾಕಿ, ಎಳೆದು ನೋಡಿ ಮನೆಗೆ ಹೋಗುವ ಯಜಮಾನರು ಈ ಮೂರನೇ ಬೀಗವನ್ನೂ ಒಂದು ಸಲ ಎಳೆದು ನೋಡಬೇಕು. ಹಾಗೆಯೇ ಗಲ್ಲಾಪೆಟ್ಟಿಗೆ ಮುಚ್ಚುವ ಮುಂಚೆ ಹುಡುಗನ ಬಾಕಿಯನ್ನೂ.

ಸೋಲದೇವನಹಳ್ಳಿಯ ಹೆಸರಿನಲ್ಲೇ ಸೋಲಿದೆ ಎಂದು ತಮಾಷೆ ಮಾಡುವವರುಂಟು. ಬಿಡಿಸಿ ಓದಿದರೆ ಅದು 'ಸೋಲದ ದೇವ' ಎಂದೂ ಆಗುತ್ತದೆ. ಹೇಗೆ ಓದಬೇಕು ಎಂಬುದು ಆ ಒಂದು ಹಾಳೆಯ ಮೇಲೆ ನಿಂತಿದೆ.