ಟಿಪ್ಪು ಕೋವಿಗೆ ಹುಲಿಪಟ್ಟೆ ಯಾಕೆ?

ಹುಲಿಗೆ ಪಟ್ಟೆ ಇರೋದು,
ಕಾಡಲ್ಲಿ ಯಾರ ಕಣ್ಣಿಗೂ ಬೀಳದೆ ಇರೋಕೆ.
ಹಾಗಾದ್ರೆ ಟಿಪ್ಪು ಸುಲ್ತಾನರ ಕೋವಿಗಳ ಮೇಲೆ
ಅದೇ ಪಟ್ಟೆ ಯಾಕಿತ್ತು?

ಅಡಗೋಕಂತೂ ಅಲ್ಲ!
ಚಿನ್ನ, ಬೆಳ್ಳೀಲಿ ಹೊಳೀತಿತ್ತು.
ಕಂಡ ಕೂಡಲೇ ಗೊತ್ತಾಗ್ಬೇಕು,
ಇದು ಸುಲ್ತಾನರ ಕೋವಿ ಅಂತ.
ಸಿಪಾಯಿಗಳ ಅಂಗಿ ಮೇಲೂ ಅದೇ ಗುರುತು.

ಈಗ ಅಡಗೋಕೆ ಅಂತಲೇ ರೈಫಲ್‌ಗೆ ಕ್ಯಾಮೊಫ್ಲಾಜ್ ಬಣ್ಣ ಹೊಡೀತಾರೆ.
ಮೊದಲು ಎಣ್ಣೆ ಜಿಡ್ಡು ತೆಗೀತಾರೆ,
ಲೋಹಾನ ತರಿತರಿ ಮಾಡ್ತಾರೆ.
ನುಣುಪಾಗಿದ್ರೆ ಬಣ್ಣ ನಿಲ್ಲಲ್ಲ.

ಶ್ರೀರಂಗಪಟ್ಟಣದ ಕುಸುರಿ ಕೆಲಸದವರಿಗೆ
ಈ ಗುಟ್ಟು ಆಗಲೇ ಗೊತ್ತಿತ್ತು.
ಅವರ ಕುಸುರಿಯ ಹೆಸರು ಕೋಫ್ತ್‌ಗರಿ.
ಒರಳುಕಲ್ಲಿಗೆ ಉಳಿ ಹೊಡೆಸ್ತೀವಲ್ಲ,
ಹಾಗೇ ಉಕ್ಕಿನ ಮೇಲೆ ಸಣ್ಣ ಸಣ್ಣ ಗೀರು.
ಅದರ ಮೇಲೆ ಚಿನ್ನದ ಎಳೆ ಇಟ್ಟು,
ಸುತ್ತಿಗೇಲಿ ಮೆಲ್ಲಗೆ ಬಡಿಯೋದು.
ಗೀರು ಚಿನ್ನಾನ ಕಚ್ಚಿ ಹಿಡಿಯುತ್ತೆ.
200 ವರ್ಷ ದಾಟಿದ್ರೂ ಬಿಟ್ಟಿಲ್ಲ.
ಎಂಥ ಕೈಗಳು ನೋಡಿ ಅವು!

1799ರ ಮೇ 4, ಶ್ರೀರಂಗಪಟ್ಟಣದ ಕೋಟೆ ಬ್ರಿಟಿಷರ ಕೈಗೆ ಬಿತ್ತು.
ಎಷ್ಟೋ ಕೋವಿಗಳು ಇಂಗ್ಲೆಂಡಿನ ಪಾಲಾದವು.

ಆ ಪಟ್ಟೇನ ಇಲ್ಲೇ ನೋಡ್ಬೇಕಾ?
ಶ್ರೀರಂಗಪಟ್ಟಣದ ಗಂಜಾಂನಲ್ಲಿ, ಟಿಪ್ಪು ಸಮಾಧಿ ಇರೋ ಗುಂಬಜ್‌ಗೆ ಹೋಗಿ.
ಒಳಗೋಡೆ ಮೇಲೆಲ್ಲ ಹುಲಿಪಟ್ಟೆಯ ಬಣ್ಣ.
ಕಣ್ತುಂಬ ನೋಡಿ,
ದಯವಿಟ್ಟು ಕೈ ಮಾತ್ರ ಹಚ್ಚಬೇಡಿ.