ನೋಟ್‌ಬುಕ್‌ನಲ್ಲಿ 16.33, ಎಕ್ಸೆಲ್‌ನಲ್ಲಿ 20: ಯಾವುದು ಸರಿ?

ತುಮಕೂರು ನಗರ, ಗುಬ್ಬಿ, ಕುಣಿಗಲ್‌ನಿಂದ ಬರುವ ನಮ್ಮ ಮೂವರಿಗೆ ಕಾಲೇಜು ತಲುಪಲು ಕ್ರಮವಾಗಿ 20, 40, 60 ನಿಮಿಷ ಬೇಕು ಎಂದುಕೊಳ್ಳಿ. ಇದರ ಮಾನಕ ವಿಚಲನೆ ನನ್ನ ನೋಟ್‌ಬುಕ್‌ನಲ್ಲಿ 16.33 ಬರುತ್ತದೆ. ಎಕ್ಸೆಲ್‌ನ ಹಳೆಯ 'ಎಸ್‌ಟಿಡಿಇವಿ' ಸೂತ್ರ 20 ಎನ್ನುತ್ತದೆ.

ಎರಡರಲ್ಲೂ ಲೆಕ್ಕ ತಪ್ಪಿಲ್ಲ. ವಿಚಲನೆಗಳ ವರ್ಗಗಳ ಮೊತ್ತ 800. ನಾವು ಮೂವರೇ ಪೂರ್ಣ ಗುಂಪಾದರೆ ಅದನ್ನು 3ರಿಂದ, ದೊಡ್ಡ ಗುಂಪಿನಿಂದ ಆಯ್ದ ಮಾದರಿಯಾದರೆ 2ರಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು. ಎಕ್ಸೆಲ್ ಯಾವುದೆಂದು ಕೇಳುವುದಿಲ್ಲ. ಮಾದರಿ ಎಂದೇ ಭಾವಿಸುತ್ತದೆ. 2010ರ ಆವೃತ್ತಿಯಿಂದ ಮಾದರಿಗೆ 'ಎಸ್', ಪೂರ್ಣ ಗುಂಪಿಗೆ 'ಪಿ' ಎಂದು ಕೊನೆಗೊಳ್ಳುವ ಎರಡು ಸೂತ್ರಗಳಿವೆ. ವ್ಯತ್ಯಾಸ ಒಂದೇ ಅಕ್ಷರ!

ಉತ್ತರ ಹೊಂದದಿದ್ದರೆ 'ನನಗೆ ಲೆಕ್ಕ ಬರುವುದಿಲ್ಲ' ಎಂದು ಕುಗ್ಗಬೇಡಿ. ಎಕ್ಸೆಲ್ ಕೇಳದ ಪ್ರಶ್ನೆಯನ್ನು ಮೊದಲು ನಾವೇ ಕೇಳಿಕೊಳ್ಳೋಣ.